ಕಾಯಿಲೆಯ ಹೆಸರನ್ನು ತಾಯಂದಿರಿಂದ ಕೇಳಿ ತಿಳಿದ ಮಕ್ಕಳ ವೈದ್ಯೆ: ಸಿಸಿಲಿ ವಿಲಿಯಮ್ಸ್ ಬದುಕು

ಮಕ್ಕಳ ಅಪೌಷ್ಟಿಕತೆಯ ಬಗ್ಗೆ ಯಾವ ವೈದ್ಯಕೀಯ ಪುಸ್ತಕ ತೆರೆದರೂ ‘ಕ್ವಾಶಿಯೋರ್ಕರ್’ ಎಂಬ ಹೆಸರು ಸಿಗುತ್ತದೆ. ಕೈಕಾಲು ಊದಿಕೊಂಡು, ಹೊಟ್ಟೆ ಉಬ್ಬಿ, ಕೂದಲು ಕೆಂಚಾಗಿ, ಚರ್ಮ ಸುಲಿಯುವ ಈ ಕಾಯಿಲೆಯನ್ನು ನಮ್ಮ ಎಂಬಿಬಿಎಸ್ ವಿದ್ಯಾರ್ಥಿಗಳು ಇಂದಿಗೂ ಓದುತ್ತಾರೆ. ಉಳಿದ ಎಷ್ಟೋ ಕಾಯಿಲೆಗಳ ಹಾಗೆ ಈ ಹೆಸರು ಲ್ಯಾಟಿನ್ನಿನಿಂದಲೋ ಗ್ರೀಕಿನಿಂದಲೋ ಬಂದದ್ದಲ್ಲ. ಪಶ್ಚಿಮ ಆಫ್ರಿಕಾದ ಗಾ ಭಾಷೆಯ ತಾಯಂದಿರು ಮನೆಯಲ್ಲಿ ಆಡುತ್ತಿದ್ದ ಮಾತು ಅದು. ಅವರನ್ನು ಕೇಳಿ ತಿಳಿದು, ಆ ಮಾತನ್ನು ಹಾಗೆಯೇ ವೈದ್ಯಲೋಕದ ಮುಂದಿಟ್ಟವರು ಡಾ. ಸಿಸಿಲಿ ವಿಲಿಯಮ್ಸ್.

ಬ್ರಿಟಿಷ್ ಸಾಮ್ರಾಜ್ಯದ ವಸಾಹತುಗಳಲ್ಲಿ ಮಕ್ಕಳ ವೈದ್ಯೆಯಾಗಿ ದುಡಿದ ಸಿಸಿಲಿ ಹಿರಿಯ ಅಧಿಕಾರಿಗಳ ಮುನಿಸಿಗೆ ಗುರಿಯಾದರು, ಡಬ್ಬಿ ಹಾಲಿನ ಕಂಪನಿಗಳನ್ನು ಎದುರು ಹಾಕಿಕೊಂಡರು, ಯುದ್ಧಕೈದಿಯಾಗಿ ಚಿತ್ರಹಿಂಸೆ ಅನುಭವಿಸಿದರು. ಬದುಕಿ ಬಂದ ಮೇಲೆ ವಿಶ್ವ ಆರೋಗ್ಯ ಸಂಸ್ಥೆಯ ತಾಯಿ ಮತ್ತು ಮಕ್ಕಳ ಆರೋಗ್ಯ ವಿಭಾಗದ ಮೊದಲ ಮುಖ್ಯಸ್ಥೆಯಾದರು. ಎಲ್ಲಿ ಕೆಲಸ ಮಾಡಿದರೂ ಅವರು ಬಿಡದೆ ಹೇಳಿದ್ದು ಒಂದೇ ಮಾತು: ಮಗುವನ್ನು ಉಳಿಸಬೇಕಾದರೆ ಮೊದಲು ತಾಯಿಯ ಮಾತು ಕೇಳಬೇಕು, ಆಸ್ಪತ್ರೆಯ ಬಾಗಿಲು ದಾಟಿ ಅವಳ ಅಡುಗೆಮನೆಯವರೆಗೂ ಹೋಗಬೇಕು.

ಜಮೈಕಾದಿಂದ ಆಕ್ಸ್‌ಫರ್ಡ್‌ಗೆ

ಸಿಸಿಲಿ ಹುಟ್ಟಿದ್ದು 1893ರ ಡಿಸೆಂಬರ್ 2ರಂದು, ಕೆರಿಬಿಯನ್ ದ್ವೀಪ ಜಮೈಕಾದ ಕ್ಯೂ ಪಾರ್ಕ್ ಎಂಬಲ್ಲಿ. ಅವರದು ತಲೆಮಾರುಗಳಿಂದ ಅಲ್ಲಿ ನೆಲೆಸಿದ್ದ, ತೋಟಗಳನ್ನು ಹೊಂದಿದ್ದ ಬ್ರಿಟಿಷ್ ಮೂಲದ ಕುಟುಂಬ. ತಂದೆ ಜೇಮ್ಸ್ ರೋಲ್ಯಾಂಡ್ ವಿಲಿಯಮ್ಸ್ ಜಮೈಕಾದ ಶಿಕ್ಷಣ ಇಲಾಖೆಯ ನಿರ್ದೇಶಕರಾಗಿದ್ದರು. ಮಗಳಿಗೆ ಒಂಬತ್ತು ವರ್ಷವಿದ್ದಾಗ, ಈಕೆಗೆ ಗಂಡು ಸಿಗುವುದು ಕಷ್ಟ, ಡಾಕ್ಟರಾಗುವುದೇ ಒಳ್ಳೆಯದು ಎಂದು ತಂದೆ ಹೇಳಿದ್ದರಂತೆ. ಸಿಸಿಲಿ ಮುಂದೆ ಮದುವೆಯಾಗಲಿಲ್ಲ, ಡಾಕ್ಟರಂತೂ ಆದರು.

ಆ ದಾರಿ ಸುಲಭದ್ದಾಗಿರಲಿಲ್ಲ. 13ನೇ ವಯಸ್ಸಿಗೆ ಓದಲು ಇಂಗ್ಲೆಂಡಿಗೆ ಹೋದ ಅವರಿಗೆ 19ನೇ ವಯಸ್ಸಿನಲ್ಲಿ ಆಕ್ಸ್‌ಫರ್ಡ್‌ನ ಸಾಮರ್‌ವಿಲ್ ಕಾಲೇಜಿನಲ್ಲಿ ಸೀಟು ಸಿಕ್ಕಿತು. ಆದರೆ ಜಮೈಕಾದಲ್ಲಿ ಭೂಕಂಪ, ಚಂಡಮಾರುತಗಳಿಂದ ಮನೆಯ ಪರಿಸ್ಥಿತಿ ಹದಗೆಟ್ಟಿತ್ತು. ಓದು ಬಿಟ್ಟು ತಂದೆತಾಯಿಗೆ ನೆರವಾಗಲು ಊರಿಗೆ ಮರಳಬೇಕಾಯಿತು. ತಂದೆ ತೀರಿಕೊಂಡ ಬಳಿಕ, 1916ರಲ್ಲಿ ಸಿಸಿಲಿ ಮತ್ತೆ ಆಕ್ಸ್‌ಫರ್ಡ್‌ಗೆ ಬಂದರು. ಆಗ ಮೊದಲನೇ ಮಹಾಯುದ್ಧ ನಡೆಯುತ್ತಿತ್ತು. ಗಂಡು ಮಕ್ಕಳು ರಣರಂಗಕ್ಕೆ ಹೋಗಿದ್ದರಿಂದ ವೈದ್ಯಕೀಯ ತರಗತಿಗಳು ಖಾಲಿಯಾಗಿದ್ದವು. ಅದುವರೆಗೆ ಹೆಣ್ಣುಮಕ್ಕಳಿಗೆ ಮುಚ್ಚಿದ್ದ ಬಾಗಿಲು ತೆರೆದದ್ದು ಹೀಗೆ.

ಲಂಡನ್ನಿನ ಕಿಂಗ್ಸ್ ಕಾಲೇಜ್ ಆಸ್ಪತ್ರೆಯಲ್ಲಿ ತರಬೇತಿ ಮುಗಿಸಿ 1923ರಲ್ಲಿ ಅವರು ವೈದ್ಯೆಯಾದರು. ಅಷ್ಟರಲ್ಲಿ ಯುದ್ಧ ಮುಗಿದಿತ್ತು, ಗಂಡಸರು ವಾಪಸಾಗಿದ್ದರು. ಹೆಣ್ಣು ಡಾಕ್ಟರರಿಗೆ ಕೆಲಸ ಕೊಡುವವರು ಕಡಿಮೆ. ಲಂಡನ್ನಿನ ಹ್ಯಾಕ್ನಿಯ ಬಡ ಕೇರಿಗಳ ನಡುವೆ ಇದ್ದ ಮಕ್ಕಳ ಆಸ್ಪತ್ರೆಯಲ್ಲಿ ದುಡಿಯುವಾಗಲೇ, ಮನೆಯ ಸ್ಥಿತಿ ತಿಳಿಯದೆ ಮಗುವಿಗೆ ಔಷಧ ಬರೆಯುವುದರಲ್ಲಿ ಅರ್ಥವಿಲ್ಲ ಎಂಬುದು ಅವರಿಗೆ ಮನವರಿಕೆಯಾಯಿತು. ಗ್ರೀಸಿನಲ್ಲಿ ನಿರಾಶ್ರಿತರ ನಡುವೆಯೂ ಕೆಲವು ಕಾಲ ಕೆಲಸ ಮಾಡಿದರು. ನಂತರ ಲಂಡನ್ನಿನಲ್ಲಿ ಉಷ್ಣವಲಯದ ಕಾಯಿಲೆಗಳ ಬಗ್ಗೆ ಡಿಪ್ಲೊಮಾ ಮಾಡಿ, ವಸಾಹತು ವೈದ್ಯಕೀಯ ಸೇವೆಗೆ ಸೇರಿದರು. 1929ರಲ್ಲಿ ಅವರನ್ನು ಕಳಿಸಿದ್ದು ಗೋಲ್ಡ್ ಕೋಸ್ಟ್‌ಗೆ, ಅಂದರೆ ಇಂದಿನ ಘಾನಾಗೆ. ಅವರ ಹುದ್ದೆಯ ಹೆಸರೇ ‘ಮಹಿಳಾ ವೈದ್ಯಾಧಿಕಾರಿ’. ಪುರುಷ ಸಹೋದ್ಯೋಗಿಗಳಷ್ಟೇ ಕೆಲಸವಿದ್ದರೂ ಸಂಬಳ ಅವರಿಗಿಂತ ಕಡಿಮೆ.

ಅಕ್ರಾದ ವಾರ್ಡಿನಲ್ಲಿ ಊದಿಕೊಂಡ ಮಕ್ಕಳು

ಗೋಲ್ಡ್ ಕೋಸ್ಟ್‌ನ ರಾಜಧಾನಿ ಅಕ್ರಾದಲ್ಲಿ ಪ್ರಿನ್ಸೆಸ್ ಮೇರಿ ಲೂಯಿಸ್ ಮಕ್ಕಳ ಆಸ್ಪತ್ರೆ ಇತ್ತು. ಅಲ್ಲಿಗೆ ಬರುತ್ತಿದ್ದ ಮಕ್ಕಳಲ್ಲಿ ಒಂದು ಬಗೆಯವರು ಸಿಸಿಲಿ ಅವರ ಗಮನ ಸೆಳೆದರು. ಒಂದರಿಂದ ನಾಲ್ಕು ವರ್ಷದೊಳಗಿನ ಮಕ್ಕಳು. ಹುಟ್ಟಿದಾಗ ಚೆನ್ನಾಗಿದ್ದವು, ಎದೆಹಾಲು ಕುಡಿಯುವಷ್ಟು ದಿನ ಗುಂಡಗೆ ಬೆಳೆದಿದ್ದವು. ಆಮೇಲೆ ಕೈಕಾಲು ಊದತೊಡಗಿ, ಮಗು ಸದಾ ರಚ್ಚೆ ಹಿಡಿದು, ಏನನ್ನೂ ತಿನ್ನದೆ, ಯಾರನ್ನೂ ನೋಡದೆ ಮುದುಡಿ ಮಲಗುತ್ತಿತ್ತು. ಕಪ್ಪು ಕೂದಲು ಕೆಂಚು ಬಣ್ಣಕ್ಕೆ ತಿರುಗುತ್ತಿತ್ತು. ಚರ್ಮ ಕಪ್ಪಗೆ ತೇಪೆ ಕಟ್ಟಿ ಸುಲಿದು ಹೋಗುತ್ತಿತ್ತು. ಚಿಕಿತ್ಸೆ ಸಿಗದಿದ್ದರೆ ಸಾವು ಬಹುತೇಕ ಖಚಿತ.

ಊತ ಇದ್ದುದರಿಂದ ಈ ಮಕ್ಕಳು ಹಸಿದವರಂತೆ ಕಾಣುತ್ತಿರಲಿಲ್ಲ. ಎಷ್ಟೋ ವೈದ್ಯರು ಇದನ್ನು ‘ಪೆಲಾಗ್ರಾ’ ಎಂದು ಬರೆದು ಮುಂದೆ ಹೋಗುತ್ತಿದ್ದರು. ಪೆಲಾಗ್ರಾ ಎಂದರೆ ಮೆಕ್ಕೆಜೋಳವನ್ನೇ ಮುಖ್ಯ ಆಹಾರವಾಗಿ ತಿನ್ನುವ ಬಡವರಲ್ಲಿ ನಿಯಾಸಿನ್ ಎಂಬ ಜೀವಸತ್ವದ ಕೊರತೆಯಿಂದ ಬರುವ ಚರ್ಮ ಮತ್ತು ನರಗಳ ಕಾಯಿಲೆ. ದಖ್ಖನ್ನಿನಲ್ಲಿ ಜೋಳವನ್ನೇ ನಂಬಿದ್ದ ಬಡ ಕೂಲಿಕಾರರಲ್ಲೂ ಇದು ಕಾಣಿಸಿಕೊಂಡದ್ದುಂಟು. ಆದರೆ ಅಕ್ರಾದ ಮಕ್ಕಳ ಚರ್ಮದ ಗುರುತುಗಳ ಸ್ವರೂಪವೂ ಅವು ಕಾಣಿಸಿಕೊಳ್ಳುವ ಜಾಗಗಳೂ ಪೆಲಾಗ್ರಾದಂತಿಲ್ಲ ಎಂಬುದನ್ನು ಸಿಸಿಲಿ ಗಮನಿಸಿದರು.

ಸತ್ತ ಮಕ್ಕಳ ಶವಪರೀಕ್ಷೆಯನ್ನು ಅವರೇ ಮಾಡಿದರು. ಆ ಕಾಲದಲ್ಲಿ ಆಂಟಿಬಯಾಟಿಕ್‌ಗಳು ಇರಲಿಲ್ಲ. ಶವಪರೀಕ್ಷೆಯ ವೇಳೆ ತಗುಲಿದ ಸೋಂಕಿನಿಂದ ಅವರೇ ಗಂಭೀರವಾಗಿ ಕಾಯಿಲೆ ಬಿದ್ದರು. ಆದರೂ ಕೆಲಸ ನಿಲ್ಲಲಿಲ್ಲ. ಆ ಮಕ್ಕಳ ಯಕೃತ್ತಿನಲ್ಲಿ ಕೊಬ್ಬು ತುಂಬಿಕೊಂಡಿರುವುದು ಅವರಿಗೆ ಕಂಡುಬಂತು.

ತಾಯಂದಿರು ಕೊಟ್ಟ ಸುಳಿವು

ಇಷ್ಟಾದ ಮೇಲೆ ಸಿಸಿಲಿ ಮಾಡಿದ ಕೆಲಸ ಅಂದಿನ ವಸಾಹತು ವೈದ್ಯರಿಗೆ ವಿಚಿತ್ರವಾಗಿ ಕಂಡಿರಬೇಕು. ಈ ಕಾಯಿಲೆಗೆ ನೀವು ಏನೆನ್ನುತ್ತೀರಿ ಎಂದು ಅವರು ಸ್ಥಳೀಯ ಹೆಂಗಸರನ್ನೇ ಕೇಳಿದರು. ಉತ್ತರವಾಗಿ ಬಂದ ಹೆಸರೇ ಕ್ವಾಶಿಯೋರ್ಕರ್. ಮುಂದಿನ ಮಗು ಹುಟ್ಟಿದಾಗ ತಾಯಿಯ ಮಡಿಲಿನಿಂದ ಕೆಳಗಿಳಿಯಬೇಕಾದ ಮಗುವಿಗೆ ಬರುವ ಕಾಯಿಲೆ ಎಂಬುದು ಅದರ ಅರ್ಥ.

ಆ ಒಂದು ಪದದಲ್ಲಿ ಕಾಯಿಲೆಯ ಕಾರಣವೂ ಇತ್ತು, ಅದು ಯಾವಾಗ ಬರುತ್ತದೆ ಎಂಬುದೂ ಇತ್ತು. ತಾಯಿ ಮತ್ತೆ ಬಸುರಿಯಾದಳೆಂದರೆ ದೊಡ್ಡ ಮಗುವಿಗೆ ಎದೆಹಾಲು ಬಿಡಿಸಲಾಗುತ್ತಿತ್ತು. ಬದಲಿಗೆ ಸಿಗುತ್ತಿದ್ದುದು ಹುಳಿ ಬರಿಸಿದ ಮೆಕ್ಕೆಜೋಳದ ಹಿಟ್ಟಿನ ಗಂಜಿ. ಹೊಟ್ಟೆ ತುಂಬುತ್ತಿತ್ತು, ಆದರೆ ಹಾಲು, ಮೊಟ್ಟೆ, ಮೀನು, ಕಾಳು ಯಾವುದೂ ಮಗುವಿನ ಬಾಯಿಗೆ ಬೀಳುತ್ತಿರಲಿಲ್ಲ. ನಮ್ಮ ಹಳ್ಳಿಗಳಲ್ಲೂ ಹಾಲು ಬಿಟ್ಟ ಮಗು ಸೊರಗಿದರೆ ದೃಷ್ಟಿ ತಗುಲಿತೆಂದೋ ಬಾಲಗ್ರಹವೆಂದೋ ಹೇಳುವ ರೂಢಿ ಇತ್ತು. ಗಾ ಭಾಷೆಯ ತಾಯಂದಿರು ಅದೇ ಘಟ್ಟವನ್ನು ಗುರುತಿಸಿ, ಅದಕ್ಕೆ ತಕ್ಕ ಹೆಸರನ್ನೇ ಇಟ್ಟಿದ್ದರು.

ತಿಂದದ್ದರಲ್ಲಿ ಏನೋ ಇದ್ದು ಆದ ತೊಂದರೆ ಇದಲ್ಲ, ಊಟದಲ್ಲಿ ಯಾವುದೋ ಅಂಶ ಇಲ್ಲದೆ ಆದ ತೊಂದರೆ ಎಂಬ ತೀರ್ಮಾನಕ್ಕೆ ಸಿಸಿಲಿ ಬಂದರು. ಆ ಅಂಶ ಪ್ರೋಟೀನ್ ಅಥವಾ ಅದರ ಒಂದು ಭಾಗ ಇರಬಹುದು ಎಂದು ಊಹಿಸಿದರು. ಕಾಯಿಲೆ ಬಿದ್ದ ಮಕ್ಕಳಿಗೆ ಡಬ್ಬಿ ಹಾಲು, ಕಾಡ್ ಲಿವರ್ ಎಣ್ಣೆ ಕೊಟ್ಟಾಗ ಹಲವರು ಚೇತರಿಸಿಕೊಂಡರು. 1933ರಲ್ಲಿ ಅವರ ಲೇಖನ ಬ್ರಿಟನ್ನಿನ ಮಕ್ಕಳ ವೈದ್ಯಕೀಯ ಪತ್ರಿಕೆಯೊಂದರಲ್ಲಿ ಪ್ರಕಟವಾಯಿತು. 1935ರಲ್ಲಿ ‘ದಿ ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಬಂದ ಲೇಖನದ ಶೀರ್ಷಿಕೆಯಲ್ಲೇ ಕ್ವಾಶಿಯೋರ್ಕರ್ ಎಂಬ ಹೆಸರಿತ್ತು.

ಲಂಡನ್ನಿನ ದೊಡ್ಡವರು ಒಪ್ಪಲಿಲ್ಲ. ಆಫ್ರಿಕಾದಲ್ಲಿ ಪೆಲಾಗ್ರಾ ಬಗ್ಗೆ ಪರಿಣತರೆನಿಸಿಕೊಂಡಿದ್ದ ಹ್ಯೂ ಸ್ಟಾನಸ್, ಇದು ಪೆಲಾಗ್ರಾವೇ ಹೊರತು ಹೊಸದೇನಲ್ಲ ಎಂದು ವಾದಿಸಿದರು. ದೂರದ ವಸಾಹತಿನಲ್ಲಿ, ಕಡಿಮೆ ಸಂಬಳಕ್ಕೆ ದುಡಿಯುವ ಮಹಿಳಾ ವೈದ್ಯೆಯ ಮಾತಿಗೆ ತೂಕ ಬರಲು ವರ್ಷಗಳೇ ಬೇಕಾದವು. ಪೆಲಾಗ್ರಾ ಎಂಬ ಹಣೆಪಟ್ಟಿ ಇದ್ದಷ್ಟು ದಿನ ಮಕ್ಕಳಿಗೆ ಬೇಕಾದ ಆಹಾರ ಸಿಗುತ್ತಿರಲಿಲ್ಲ. ಹಾಗಾಗಿ ಈ ವಾದದ ಹಿಂದೆ ಮಕ್ಕಳ ಜೀವದ ಪ್ರಶ್ನೆಯೇ ಇತ್ತು.

ಶಿಕ್ಷೆಯಾಗಿ ಬಂದ ವರ್ಗಾವಣೆ

ಅಕ್ರಾದಲ್ಲಿ ಸಿಸಿಲಿ ವಾರ್ಡಿಗೆ ಮಾತ್ರ ಅಂಟಿಕೊಂಡು ಕೂರಲಿಲ್ಲ. ತಾಯಂದಿರಿಗಾಗಿ ಕ್ಲಿನಿಕ್ ನಡೆಸಿದರು, ಮನೆಗಳಿಗೆ ಭೇಟಿ ಕೊಟ್ಟರು, ಮಗು ಏನು ತಿನ್ನುತ್ತದೆ, ಯಾರು ಉಣಿಸುತ್ತಾರೆ ಎಂದು ವಿಚಾರಿಸಿ ಬರೆದಿಟ್ಟರು. ಕಾಯಿಲೆ ಗುಣಪಡಿಸುವ ಆಸ್ಪತ್ರೆ ಬೇರೆ, ಕಾಯಿಲೆ ಬಾರದಂತೆ ನೋಡಿಕೊಳ್ಳುವ ಇಲಾಖೆ ಬೇರೆ ಎಂಬುದು ಆಗಿನ ಆಡಳಿತದ ಪದ್ಧತಿ. ಅವೆರಡನ್ನೂ ಒಂದೇ ಜಾಗದಲ್ಲಿ, ಒಬ್ಬರೇ ಮಾಡಬೇಕು ಎಂಬುದು ಸಿಸಿಲಿ ವಾದ. ಇದು ಮೇಲಧಿಕಾರಿಗಳಿಗೆ ಹಿಡಿಸಲಿಲ್ಲ. ಜಗಳ ಬೆಳೆದು, ಏಳು ವರ್ಷಗಳ ಸೇವೆಯ ನಂತರ 1936ರಲ್ಲಿ ಅವರನ್ನು ಮಲಯಾಕ್ಕೆ ಎತ್ತಂಗಡಿ ಮಾಡಲಾಯಿತು.

ತಾನು ಕಲಿತ ಭಾಷೆ, ಪರಿಚಯದ ಮನೆಗಳು, ಅರ್ಧಕ್ಕೆ ನಿಂತ ಸಂಶೋಧನೆ ಎಲ್ಲವನ್ನೂ ಅವರು ಬಿಟ್ಟು ಹೊರಡಬೇಕಾಯಿತು. ಆದರೂ ಅದೇ ವರ್ಷ, ಗೋಲ್ಡ್ ಕೋಸ್ಟ್‌ನ ಮಕ್ಕಳ ಆರೋಗ್ಯದ ಬಗ್ಗೆ ಬರೆದ ಪ್ರಬಂಧಕ್ಕೆ ಆಕ್ಸ್‌ಫರ್ಡ್‌ನಿಂದ ಎಂ.ಡಿ. ಪದವಿ ಪಡೆದರು.

ಡಬ್ಬಿ ಹಾಲಿನ ವಿರುದ್ಧ ಸಿಂಗಪುರದಲ್ಲಿ ಭಾಷಣ

ಮಲಯಾದ ಸಿಂಗಪುರದಲ್ಲಿ ಸಿಸಿಲಿ ವೈದ್ಯಕೀಯ ಕಾಲೇಜಿನಲ್ಲಿ ಪಾಠ ಮಾಡಿದರು, ಮಕ್ಕಳ ವಾರ್ಡ್ ನೋಡಿಕೊಂಡರು. ಇಲ್ಲಿ ಅವರು ಕಂಡದ್ದು ಇನ್ನೊಂದು ಬಗೆಯ ಅಪೌಷ್ಟಿಕತೆ. ಅಕ್ರಾದಲ್ಲಿ ಎದೆಹಾಲು ಬಿಟ್ಟ ಮೇಲೆ ಮಕ್ಕಳು ಕಾಯಿಲೆ ಬೀಳುತ್ತಿದ್ದರೆ, ಇಲ್ಲಿ ಹುಟ್ಟಿದ ಕೆಲವೇ ವಾರಗಳ ಕೂಸುಗಳು ಸೊರಗಿ ಸಾಯುತ್ತಿದ್ದವು. ತಾಯಂದಿರು ಎದೆಹಾಲು ನಿಲ್ಲಿಸಿ ಸಕ್ಕರೆ ಬೆರೆತ ಕಂಡೆನ್ಸ್ಡ್ ಹಾಲು ಕುಡಿಸುತ್ತಿದ್ದುದೇ ಇದಕ್ಕೆ ಮುಖ್ಯ ಕಾರಣ.

ತಾಯಂದಿರು ಇದಕ್ಕೆ ತಾವಾಗಿ ಒಗ್ಗಿಕೊಂಡದ್ದಲ್ಲ. ಹಾಲಿನ ಕಂಪನಿಗಳು ನರ್ಸ್‌ಗಳಂತೆ ಉಡುಪು ತೊಟ್ಟ ಮಾರಾಟಗಾರ್ತಿಯರನ್ನು ಬಾಣಂತಿಯರ ಬಳಿಗೆ ಕಳಿಸುತ್ತಿದ್ದವು. ಬಿಳಿ ಬಟ್ಟೆಯವರ ಮಾತನ್ನು ಬಡ ತಾಯಂದಿರು ನಂಬಿದರು. ಡಬ್ಬಿಯ ಬೆಲೆ ಹೆಚ್ಚು, ಮನೆಯ ಆದಾಯ ಕಡಿಮೆ. ಹಾಗಾಗಿ ಹಾಲಿಗೆ ನೀರು ಸೇರಿಸಿ ಸೇರಿಸಿ ಕುಡಿಸುತ್ತಿದ್ದರು. ಆ ನೀರೂ ಶುದ್ಧವಾಗಿರುತ್ತಿರಲಿಲ್ಲ. ಕೆನೆ ತೆಗೆದ ಹಾಲಿನಲ್ಲಿ ಎ ಜೀವಸತ್ವ ಇಲ್ಲದೆ ಕಣ್ಣು ಕಳೆದುಕೊಳ್ಳುವ ಅಪಾಯವೂ ಇತ್ತು. ಬ್ರಿಟನ್ನಿನಲ್ಲಿ ಕೆನೆ ತೆಗೆದ ಕಂಡೆನ್ಸ್ಡ್ ಹಾಲಿನ ಡಬ್ಬಿಯ ಮೇಲೆ ಅದು ಶಿಶುಗಳಿಗೆ ತಕ್ಕುದಲ್ಲ ಎಂದು ಮುದ್ರಿಸಬೇಕೆಂಬ ನಿಯಮವಿತ್ತು. ವಸಾಹತುಗಳ ಕೂಸುಗಳಿಗೆ ಅಂಥ ರಕ್ಷಣೆ ಇರಲಿಲ್ಲ.

1939ರಲ್ಲಿ ಸಿಂಗಪುರದ ರೋಟರಿ ಕ್ಲಬ್ ಭಾಷಣಕ್ಕೆ ಕರೆದಾಗ ಸಿಸಿಲಿ ಇದೇ ವಿಷಯ ಎತ್ತಿಕೊಂಡರು. ಭಾಷಣಕ್ಕೆ ಅವರು ಇಟ್ಟ ಹೆಸರು ‘ಹಾಲು ಮತ್ತು ಕೊಲೆ’. ಊರಿನ ವ್ಯಾಪಾರಿಗಳು, ಗಣ್ಯರು ತುಂಬಿದ್ದ ಸಭೆಯಲ್ಲಿ ಅವರು ಮಾತನ್ನು ಮೆತ್ತಗೆ ಮಾಡಲಿಲ್ಲ. ಶಿಶುಗಳ ಆಹಾರದ ಬಗ್ಗೆ ತಪ್ಪು ಪ್ರಚಾರ ಮಾಡುವುದು ರಾಜದ್ರೋಹದಷ್ಟೇ ಘೋರ ಅಪರಾಧ, ಅದರಿಂದಾಗುವ ಸಾವುಗಳನ್ನು ಕೊಲೆಯೆಂದೇ ಎಣಿಸಬೇಕು ಎಂದು ಹೇಳಿದರು. ಗೋಲ್ಡ್ ಕೋಸ್ಟ್‌ನಲ್ಲಿ ಕಾಯಿಲೆ ಬಿದ್ದ ಮಕ್ಕಳಿಗೆ ಡಬ್ಬಿ ಹಾಲನ್ನು ಔಷಧದಂತೆ ಕೊಟ್ಟಿದ್ದವರು ಅವರೇ. ಹಾಲಿನ ಮೇಲೆ ಅವರಿಗೆ ದ್ವೇಷವಿರಲಿಲ್ಲ. ಆರೋಗ್ಯವಂತ ತಾಯಿಯ ಎದೆಯಿಂದ ಕೂಸನ್ನು ಬಿಡಿಸಿ ಡಬ್ಬಿ ಮಾರುವ ವ್ಯಾಪಾರದ ಬಗ್ಗೆ ಅವರ ತಕರಾರು.

ಭಾಷಣ ಅಂದು ಸುದ್ದಿಯಾಗಿ ಜಗತ್ತು ಸುತ್ತಲಿಲ್ಲ. ಎರಡನೇ ಮಹಾಯುದ್ಧ ಎಲ್ಲವನ್ನೂ ಮರೆಸಿತು.

ಚಾಂಗಿ ಸೆರೆಮನೆ

1941ರಲ್ಲಿ ಅವರನ್ನು ಮಲಯಾದ ಈಶಾನ್ಯ ಭಾಗದ ಟ್ರೆಂಗಾನುವಿಗೆ ಕಳಿಸಲಾಗಿತ್ತು. ಆ ವರ್ಷದ ಡಿಸೆಂಬರ್‌ನಲ್ಲಿ ಜಪಾನ್ ಸೇನೆ ಮಲಯಾದ ಮೇಲೆ ದಾಳಿ ಮಾಡಿತು. ಸಿಸಿಲಿ ಹೇಗೋ ದಕ್ಷಿಣಕ್ಕೆ ಪಯಣಿಸಿ ಸಿಂಗಪುರ ಸೇರಿದರು. 1942ರ ಫೆಬ್ರವರಿ 15ರಂದು ಸಿಂಗಪುರವೂ ಶರಣಾಯಿತು. ಸಾವಿರಾರು ಯುರೋಪಿಯನ್ ನಾಗರಿಕರ ಜೊತೆ ಅವರು ಚಾಂಗಿ ಸೆರೆಮನೆಯಲ್ಲಿ ಬಂದಿಯಾದರು.

ಸೆರೆಮನೆಯ ಮಹಿಳಾ ಶಿಬಿರದ ಮುಖ್ಯಸ್ಥರಲ್ಲಿ ಸಿಸಿಲಿ ಒಬ್ಬರಾದರು. 1943ರ ಅಕ್ಟೋಬರ್‌ನಲ್ಲಿ ಶಿಬಿರದೊಳಗೆ ಗೂಢಚರ್ಯೆ ನಡೆಯುತ್ತಿದೆ ಎಂಬ ಶಂಕೆಯ ಮೇಲೆ ಜಪಾನಿನ ಮಿಲಿಟರಿ ಪೊಲೀಸ್ ಪಡೆ ಕೆಂಪೈತೈ ಹಲವರನ್ನು ಎಳೆದೊಯ್ದಿತು. ಅವರಲ್ಲಿ ಸಿಸಿಲಿಯೂ ಇದ್ದರು. ಗಂಡಸರು ಹೆಂಗಸರೆನ್ನದೆ ಒಂದೇ ಪಂಜರದಂಥ ಕೋಣೆಯಲ್ಲಿ ತುಂಬಿ, ರಾತ್ರಿಯಿಡೀ ದೀಪ ಉರಿಸಿ, ಊಟ ಕೊಡದೆ ತಿಂಗಳುಗಟ್ಟಲೆ ವಿಚಾರಣೆ ನಡೆಸಿದರು. ಜೊತೆಯಲ್ಲಿದ್ದ ಕೆಲವರು ಅಲ್ಲೇ ಸತ್ತರು. ಯುದ್ಧ ಮುಗಿದಾಗ ಸಿಸಿಲಿ ಬೆರಿಬೆರಿ ಕಾಯಿಲೆಯಿಂದ ಸಾವಿನ ಅಂಚಿನಲ್ಲಿದ್ದರು. ಬಿ1 ಜೀವಸತ್ವದ ಕೊರತೆಯಿಂದ ಬರುವ ಈ ಕಾಯಿಲೆ ಅವರ ಪಾದಗಳಲ್ಲಿ ಜೀವನಪರ್ಯಂತ ಉಳಿಯುವ ಜೋಮು ಬಿಟ್ಟುಹೋಯಿತು. ಅಪೌಷ್ಟಿಕತೆಯ ಬಗ್ಗೆ ಬರೆದವರು ಬಹಳ ಮಂದಿ ಇದ್ದಾರೆ. ಅದನ್ನು ಸ್ವಂತ ಮೈಯಲ್ಲಿ ಅನುಭವಿಸಿದ ವೈದ್ಯರು ವಿರಳ.

ಸೆರೆಮನೆಯ ಸ್ಥಿತಿಯ ಬಗ್ಗೆ ಅವರು ಬರೆದ ವರದಿಯಲ್ಲಿ ಒಂದು ಲೆಕ್ಕವಿದೆ. ಶಿಬಿರದಲ್ಲಿ 20 ಕೂಸುಗಳು ಹುಟ್ಟಿದವು, 20ಕ್ಕೂ ತಾಯಂದಿರು ಎದೆಹಾಲು ಕುಡಿಸಿದರು, 20ಕ್ಕೆ 20 ಬದುಕಿದವು. ತಾಯಂದಿರಿಗೇ ಹೊಟ್ಟೆಗಿಲ್ಲದ ಜಾಗದಲ್ಲಿ ಬಂದ ಈ ಲೆಕ್ಕ, ಹಿಂದೆ ರೋಟರಿ ಸಭೆಯಲ್ಲಿ ಅವರು ಆಡಿದ್ದ ಮಾತಿಗೆ ಸಾಕ್ಷಿಯಾಗಿ ನಿಂತಿತು.

ಜಿನೀವಾದಿಂದ ದಕ್ಷಿಣ ಏಷ್ಯಾಕ್ಕೆ

1948ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಹುಟ್ಟಿತು. ಅದರ ತಾಯಿ ಮತ್ತು ಮಕ್ಕಳ ಆರೋಗ್ಯ ವಿಭಾಗದ ಮೊದಲ ಮುಖ್ಯಸ್ಥೆಯಾಗಿ ಜಿನೀವಾಕ್ಕೆ ಹೋದವರು ಸಿಸಿಲಿ. ಮೇಲಧಿಕಾರಿಗಳು ಹನ್ನೆರಡು ವರ್ಷಗಳ ಹಿಂದೆ ದೂರ ತಳ್ಳಿದ್ದ ವೈದ್ಯೆಗೆ ಈಗ ಇಡೀ ಜಗತ್ತಿನ ತಾಯಿ ಮಕ್ಕಳ ಹೊಣೆ. ಆದರೆ ಕಚೇರಿಯ ಮೇಜು ಅವರಿಗೆ ಹಿಡಿಸುವ ಜಾಗವಲ್ಲ. ಹೆಚ್ಚು ದಿನ ಅಲ್ಲಿ ಉಳಿಯದೆ, ಅದೇ ಸಂಸ್ಥೆಯ ಪರವಾಗಿ ಆಗ್ನೇಯ ಏಷ್ಯಾದ ದೇಶಗಳಲ್ಲಿ ತಾಯಿ ಮಕ್ಕಳ ಸೇವೆ ಕಟ್ಟುವ ಕೆಲಸಕ್ಕೆ ಇಳಿದರು.

ಇದೇ ಹೊತ್ತಿಗೆ ಕ್ವಾಶಿಯೋರ್ಕರ್ ಬಗ್ಗೆ ವಿಶ್ವಸಂಸ್ಥೆಯ ಸಂಸ್ಥೆಗಳು ಆಫ್ರಿಕಾದ ಹಲವು ದೇಶಗಳಲ್ಲಿ ಸಮೀಕ್ಷೆ ನಡೆಸಿದವು. 1952ರಲ್ಲಿ ಬಂದ ವರದಿ ಇದನ್ನು ವೈದ್ಯಲೋಕಕ್ಕೆ ಗೊತ್ತಿರುವ ಪೌಷ್ಟಿಕತೆಯ ಕಾಯಿಲೆಗಳಲ್ಲೇ ಅತ್ಯಂತ ಗಂಭೀರವೂ ವ್ಯಾಪಕವೂ ಆದದ್ದೆಂದು ಗುರುತಿಸಿತು. ಸಿಸಿಲಿ ಮೊದಲ ಲೇಖನ ಬರೆದು ಆಗಲೇ 19 ವರ್ಷ ಕಳೆದಿತ್ತು.

ಮುಂದಿನ ಎರಡು ದಶಕಗಳಲ್ಲಿ ಅವರು ಒಂದೂರಿನಲ್ಲಿ ನೆಲೆ ನಿಲ್ಲಲಿಲ್ಲ. ಹುಟ್ಟೂರು ಜಮೈಕಾದಲ್ಲಿ ಮಕ್ಕಳನ್ನು ಬಲಿ ತೆಗೆದುಕೊಳ್ಳುತ್ತಿದ್ದ ವಾಂತಿ ಕಾಯಿಲೆಯ ಅಧ್ಯಯನ ನಡೆಸಿದರು. ಬಲಿಯದ ಅಕೀ ಹಣ್ಣಿನಲ್ಲಿರುವ ವಿಷ ಅದಕ್ಕೆ ಕಾರಣವೆಂಬುದು ಮುಂದೆ ಖಚಿತವಾಯಿತು. ಲಂಡನ್ನಿನ ಉಷ್ಣವಲಯ ವೈದ್ಯಕೀಯ ಸಂಸ್ಥೆಯಲ್ಲಿ ಪೌಷ್ಟಿಕತೆ ಬೋಧಿಸಿದರು. 1960ರ ದಶಕದ ಆರಂಭದಲ್ಲಿ ಬೈರೂತಿನ ಅಮೆರಿಕನ್ ವಿಶ್ವವಿದ್ಯಾಲಯದಲ್ಲಿ ತಾಯಿ ಮಕ್ಕಳ ಆರೋಗ್ಯದ ಪ್ರಾಧ್ಯಾಪಕಿಯಾಗಿದ್ದಾಗ ಪ್ಯಾಲೆಸ್ತೀನ್ ನಿರಾಶ್ರಿತರ ನಡುವೆಯೂ ಕೆಲಸ ಮಾಡಿದರು. 70 ದಾಟಿದ ಮೇಲೂ ಅಮೆರಿಕದ ಟುಲೇನ್ ವಿಶ್ವವಿದ್ಯಾಲಯದಲ್ಲಿ ಪಾಠ ಹೇಳಿದರು. 1972ರಲ್ಲಿ ಡೆರಿಕ್ ಜೆಲಿಫ್ ಅವರೊಂದಿಗೆ ಸೇರಿ ತಾಯಿ ಮಕ್ಕಳ ಆರೋಗ್ಯ ಸೇವೆಯನ್ನು ಜನರಿಗೆ ತಲುಪಿಸುವ ಬಗೆಯ ಕುರಿತು ಪುಸ್ತಕ ಬರೆದರು.

ತರಗತಿಯಲ್ಲಿ ಅವರು ಹೇಳಿಕೊಟ್ಟದ್ದು ವಾರ್ಡಿನಲ್ಲಿ ಕಲಿತದ್ದನ್ನೇ. ಕಾಯಿಲೆ ಬಿದ್ದ ಮಗುವನ್ನು ಗುಣಪಡಿಸಿ, ಅದೇ ಮನೆಗೆ, ಅದೇ ಗಂಜಿಗೆ ವಾಪಸು ಕಳಿಸಿದರೆ ಅದು ಮತ್ತೆ ಬರುತ್ತದೆ. ಹಾಗಾಗಿ ಮಗು ದಾಖಲಾದರೆ ತಾಯಿಯೂ ಜೊತೆಗಿರಬೇಕು, ಉಣಿಸುವುದನ್ನು ಅಲ್ಲೇ ಕಲಿಯಬೇಕು, ದಾದಿ ಆಮೇಲೆ ಮನೆಗೆ ಹೋಗಿ ನೋಡಬೇಕು. ಬಡತನವೊಂದನ್ನೇ ದೂರಿ ಕೈಕಟ್ಟಿ ಕೂರುವುದನ್ನೂ ಅವರು ಒಪ್ಪುತ್ತಿರಲಿಲ್ಲ. ಊರಲ್ಲೇ ಸಿಗುವ ಕಾಳು, ಸೊಪ್ಪು, ಮೀನನ್ನು ಮಗುವಿಗೆ ಹೇಗೆ ಕೊಡಬೇಕೆಂದು ತಿಳಿಸುವ ಸಾಮಾನ್ಯ ಕಾರ್ಯಕರ್ತೆ ಎಷ್ಟೋ ಸಲ ದೊಡ್ಡ ಡಾಕ್ಟರಿಗಿಂತ ಹೆಚ್ಚು ಜೀವ ಉಳಿಸುತ್ತಾಳೆ ಎಂಬುದು ಅವರ ಅನುಭವ.

ಕೂನೂರು, ಹೈದರಾಬಾದ್ ಮತ್ತು ಮೈಸೂರು

ಸಿಸಿಲಿ ಹೆಸರಿಟ್ಟ ಕಾಯಿಲೆ ಭಾರತದಲ್ಲೂ ಇತ್ತು. ತಮಿಳುನಾಡಿನ ಕೂನೂರಿನಲ್ಲಿದ್ದು, ಮುಂದೆ ಹೈದರಾಬಾದಿಗೆ ಬಂದು ರಾಷ್ಟ್ರೀಯ ಪೋಷಣಾ ಸಂಸ್ಥೆಯಾದ ಪ್ರಯೋಗಾಲಯದಲ್ಲಿ ಡಾ. ಸಿ. ಗೋಪಾಲನ್ ಮತ್ತವರ ತಂಡ ಇದರ ಬಗ್ಗೆ ವರ್ಷಗಟ್ಟಲೆ ಅಧ್ಯಯನ ನಡೆಸಿತು. ಒಂದೇ ಬಗೆಯ ಊಟ ಮಾಡುವ ಮಕ್ಕಳಲ್ಲಿ ಕೆಲವರಿಗೆ ಊತದ ಕ್ವಾಶಿಯೋರ್ಕರ್ ಬರುತ್ತದೆ, ಕೆಲವರು ಎಲುಬು ಚರ್ಮವಾಗುವ ಮರಾಸ್ಮಸ್‌ಗೆ ತುತ್ತಾಗುತ್ತಾರೆ ಎಂಬುದನ್ನು ಗೋಪಾಲನ್ ತೋರಿಸಿದರು. ನಮ್ಮ ಮಕ್ಕಳಲ್ಲಿ ಪ್ರೋಟೀನ್ ಕೊರತೆಗಿಂತ ಮೊದಲು ಒಟ್ಟಾರೆ ಊಟವೇ ಸಾಲದು ಎಂಬುದು ಅವರ ಅಧ್ಯಯನಗಳ ಸಾರ.

ಜಗತ್ತು ಮಾತ್ರ ಆಗ ಪ್ರೋಟೀನ್ ಹಿಂದೆ ಬಿದ್ದಿತ್ತು. 1950, 60ರ ದಶಕಗಳಲ್ಲಿ ಅಂತರರಾಷ್ಟ್ರೀಯ ಸಂಸ್ಥೆಗಳು ಪ್ರೋಟೀನ್ ತುಂಬಿದ ಹಿಟ್ಟು, ಪುಡಿಗಳಿಗೆ ಹಣ ಸುರಿದವು. ಮೈಸೂರಿನ ಸಿಎಫ್‌ಟಿಆರ್‌ಐ ಕೂಡ ಕಡಲೆಕಾಯಿ ಹಿಟ್ಟು ಮತ್ತು ಕಡಲೆ ಬೆರೆಸಿ ವಿವಿಧೋದ್ದೇಶ ಆಹಾರವೊಂದನ್ನು ರೂಪಿಸಿತ್ತು. ಸ್ಥಳೀಯ ಕಾಳುಗಳನ್ನೇ ನೆಚ್ಚಿದ ಆ ಪ್ರಯತ್ನ ಸಿಸಿಲಿ ಯೋಚನೆಗೆ ಹತ್ತಿರದ್ದು. ಆದರೆ 1974ರಲ್ಲಿ ಡೊನಾಲ್ಡ್ ಮೆಕ್‌ಲಾರೆನ್ ಎಂಬ ತಜ್ಞರು ಲ್ಯಾನ್ಸೆಟ್‌ನಲ್ಲಿ ಬರೆದು, ಪ್ರೋಟೀನ್ ಒಂದನ್ನೇ ಹಿಡಿದುಕೊಂಡ ಜಾಗತಿಕ ನೀತಿ ದೊಡ್ಡ ಎಡವಟ್ಟು ಎಂದು ಟೀಕಿಸಿದರು.

ಕ್ವಾಶಿಯೋರ್ಕರ್ ಬರಿಯ ಪ್ರೋಟೀನ್ ಕೊರತೆ ಎಂಬ ಸರಳ ವಿವರಣೆಯನ್ನು ಇಂದಿನ ವಿಜ್ಞಾನ ಒಪ್ಪುವುದಿಲ್ಲ. ಸೋಂಕು, ಕರುಳಿನ ಸೂಕ್ಷ್ಮಜೀವಿಗಳು, ದೇಹದ ರಕ್ಷಣಾ ಅಂಶಗಳ ಕೊರತೆ ಹೀಗೆ ಹಲವು ಕಾರಣಗಳ ಶೋಧ ಇನ್ನೂ ನಡೆದಿದೆ. ಸಿಸಿಲಿ 1933ರಲ್ಲಿ ಮಾಡಿದ ಊಹೆ ಅಷ್ಟರಮಟ್ಟಿಗೆ ಬದಲಾಗಿದೆ. ಅವರು ಕಂಡು ಬರೆದ ಮಗುವಿನ ಚಿತ್ರ ಮತ್ತು ತಾಯಂದಿರಿಂದ ಪಡೆದ ಹೆಸರು ಮಾತ್ರ ಬದಲಾಗಿಲ್ಲ.

ಅವರ ನಂತರ

1970ರ ದಶಕದಲ್ಲಿ ಬಡ ದೇಶಗಳಲ್ಲಿ ಶಿಶು ಆಹಾರದ ಮಾರಾಟ ಮತ್ತೆ ವಿವಾದವಾಯಿತು. 1977ರಲ್ಲಿ ಅಮೆರಿಕದಲ್ಲಿ ನೆಸ್ಲೆ ಉತ್ಪನ್ನಗಳ ಬಹಿಷ್ಕಾರ ಚಳವಳಿ ಶುರುವಾಯಿತು. 1981ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಸದಸ್ಯ ದೇಶಗಳು ಎದೆಹಾಲಿಗೆ ಬದಲಿಯಾಗಿ ಮಾರುವ ಉತ್ಪನ್ನಗಳ ಪ್ರಚಾರಕ್ಕೆ ಕಡಿವಾಣ ಹಾಕುವ ಸಂಹಿತೆಯನ್ನು ಒಪ್ಪಿಕೊಂಡವು. ಹಳೆಯ ಸಿಂಗಪುರ ಭಾಷಣವನ್ನು ಹೊಸ ತಲೆಮಾರಿನ ಹೋರಾಟಗಾರರು ಹುಡುಕಿ ತೆಗೆದು ಮುದ್ರಿಸಿದರು. ಆಗ ಸಿಸಿಲಿಗೆ 90 ದಾಟಿತ್ತು.

ಗೌರವಗಳು ತಡವಾಗಿಯಾದರೂ ಬಂದವು. 1965ರಲ್ಲಿ ಬ್ರಿಟಿಷ್ ಮಕ್ಕಳ ವೈದ್ಯರ ಸಂಘ ತನ್ನ ಅತ್ಯುನ್ನತ ಜೇಮ್ಸ್ ಸ್ಪೆನ್ಸ್ ಪದಕ ನೀಡಿತು. 1968ರಲ್ಲಿ ಬ್ರಿಟಿಷ್ ಸರ್ಕಾರದ ಸಿಎಂಜಿ ಗೌರವ ಸಿಕ್ಕಿತು. 1986ರಲ್ಲಿ, 92ನೇ ವಯಸ್ಸಿನಲ್ಲಿ, ಆಕ್ಸ್‌ಫರ್ಡ್ ವಿಶ್ವವಿದ್ಯಾಲಯ ಗೌರವ ಡಾಕ್ಟರೇಟ್ ಕೊಟ್ಟಿತು. 1992ರ ಜುಲೈ 13ರಂದು, 98ನೇ ವಯಸ್ಸಿನಲ್ಲಿ ಅವರು ಆಕ್ಸ್‌ಫರ್ಡ್‌ನಲ್ಲಿ ತೀರಿಕೊಂಡರು.

ಅದೇ ವರ್ಷದ ಕೊನೆಯಲ್ಲಿ ಭಾರತ ಶಿಶು ಹಾಲಿನ ಬದಲಿ ಪದಾರ್ಥಗಳು, ಹಾಲುಣಿಸುವ ಬಾಟಲಿಗಳು ಮತ್ತು ಶಿಶು ಆಹಾರಗಳ ಕಾಯಿದೆ ತಂದಿತು. 1993ರ ಆಗಸ್ಟ್ 1ರಂದು ಅದು ಜಾರಿಗೆ ಬಂತು. ಇಂದು ನಮ್ಮ ಟಿವಿಯಲ್ಲೋ ಪತ್ರಿಕೆಯಲ್ಲೋ ಕೂಸುಗಳ ಹಾಲಿನ ಪುಡಿಯ ಜಾಹೀರಾತು ಕಾಣದಿರುವುದು, ಡಬ್ಬಿಯ ಮೇಲೆ ಎದೆಹಾಲೇ ಶ್ರೇಷ್ಠ ಎಂಬ ಸೂಚನೆ ಇರುವುದು ಈ ಕಾಯಿದೆಯಿಂದ.

ಅವರು ಕನಸಿದ ಸಾಮಾನ್ಯ ಕಾರ್ಯಕರ್ತೆಯೂ ನಮ್ಮ ನಡುವೆ ಇದ್ದಾರೆ. 1975ರ ಅಕ್ಟೋಬರ್ 2ರಂದು ದೇಶದ 33 ಕಡೆ ಪ್ರಯೋಗವಾಗಿ ಶುರುವಾದ ಸಮಗ್ರ ಶಿಶು ಅಭಿವೃದ್ಧಿ ಯೋಜನೆ ಕರ್ನಾಟಕದಲ್ಲಿ ಮೊದಲು ಕಾಲಿಟ್ಟಿದ್ದು ಮೈಸೂರು ಜಿಲ್ಲೆಯ ತಿ. ನರಸೀಪುರದಲ್ಲಿ. ಅಂದಿನಿಂದ ಅಂಗನವಾಡಿ ಕಾರ್ಯಕರ್ತೆಯರು ಮಕ್ಕಳನ್ನು ತಕ್ಕಡಿಯಲ್ಲಿ ತೂಗಿ, ಬೆಳವಣಿಗೆಯ ಪಟ್ಟಿಯಲ್ಲಿ ಗುರುತು ಹಾಕಿ, ತಾಯಂದಿರ ಜೊತೆ ಮಾತಾಡುತ್ತಿದ್ದಾರೆ.

ಆದರೂ ಕೆಲಸ ಮುಗಿದಿಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ 35.5ರಷ್ಟು ಮಂದಿ ವಯಸ್ಸಿಗೆ ತಕ್ಕ ಎತ್ತರ ಬೆಳೆದಿಲ್ಲ, ಶೇ 19.3ರಷ್ಟು ಮಂದಿ ಎತ್ತರಕ್ಕೆ ತಕ್ಕ ತೂಕ ಹೊಂದಿಲ್ಲ. ಎದೆಹಾಲಿನ ಜೊತೆಗೆ ಗಟ್ಟಿ ಆಹಾರ ಶುರು ಮಾಡುವ ಆರು ತಿಂಗಳಿಂದ ಎರಡು ವರ್ಷದ ನಡುವೆಯೇ ಹೆಚ್ಚಿನ ಮಕ್ಕಳು ಹಿಂದೆ ಬೀಳುತ್ತಾರೆ ಎಂದು ತಜ್ಞರು ಹೇಳುತ್ತಾರೆ. ಗಾ ಭಾಷೆಯ ತಾಯಂದಿರು ಸಿಸಿಲಿಗೆ ಹೇಳಿದ್ದೂ, ತಾಯಿಯ ಹಾಲಿನಿಂದ ಮನೆಯ ಊಟಕ್ಕೆ ಮಗು ದಾಟುವ ಇದೇ ಘಟ್ಟದ ಬಗ್ಗೆ.